ಅರಿವಳಿಕೆ ಡಾಕ್ಟರು ರೋಗಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೇ?

ಪರ: ಹೇಳಲೇಬೇಕು

ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಬೆಳಗ್ಗೆ ಎಂಟಕ್ಕೆ ಥಿಯೇಟರಿಗೆ ಕರೆದುಕೊಂಡು ಹೋಗುವುದು ಅಂತ ಆಗಿತ್ತು. ಹಿಂದಿನ ದಿನ ಸಂಜೆ ನರ್ಸ್ ಬಂದು, "ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ ಅಜ್ಜಿ" ಅಂದು ಹೋದರು. ಅಮ್ಮ ತಿನ್ನಲಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು, ಫ್ಲಾಸ್ಕಿನಲ್ಲಿದ್ದ ಕಾಫಿ ಅರ್ಧ ಲೋಟ ಕುಡಿದಳು. ಅವಳ ಲೆಕ್ಕದಲ್ಲಿ ಕಾಫಿ ತಿನ್ನುವ ಪದಾರ್ಥ ಅಲ್ಲ.

ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರು ಕೇಳಿದಾಗ ವಿಷಯ ಹೊರಬಂತು. ಆಪರೇಷನ್ ಮರುದಿನಕ್ಕೆ ಹೋಯಿತು. "ಮತ್ತಿನ ಇಂಜೆಕ್ಷನ್ ಕೊಡೋರಿಗೆ ನನ್ನ ಕಾಫಿ ಯಾಕೋ ಬೇಕು?" ಅಂತ ಅಮ್ಮ ಇಡೀ ದಿನ ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು.

ಸಂಜೆ ಅದೇ ಡಾಕ್ಟರು ಬಂದು ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು. ಹಾಲು ಹಾಕಿದ ಕಾಫಿ ಹೊಟ್ಟೆಯಿಂದ ಖಾಲಿಯಾಗಲು ಆರು ಗಂಟೆ ಬಿಡಬೇಕು ಅಂದರು. ಬರೀ ನೀರಾದರೆ ಎರಡು ಗಂಟೆ ಸಾಕು. ಪ್ರಜ್ಞೆ ಇಲ್ಲದಾಗ ಗಂಟಲಿಗೆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಕುತ್ತು. "ನಿಮ್ಮನ್ನ ಮಲಗಿಸಿ ನಾನು ಹೋಗಿಬಿಡಲ್ಲಮ್ಮ. ಆಪರೇಷನ್ ಮುಗಿದು ನೀವು ಕಣ್ಣು ಬಿಡೋ ತನಕ ನಿಮ್ಮ ಉಸಿರು, ಬಿಪಿ, ಎದೆಬಡಿತ ಎಲ್ಲ ನಾನೇ ನೋಡ್ಕೋಬೇಕು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನಾಗಿಯೇ ಬಾಯಿ ತೆರೆದು ಮುಂದಿನ ಹಲ್ಲು ಅಲ್ಲಾಡಿಸಿ ತೋರಿಸಿದಳು. ದಿಂಬಿನ ಕೆಳಗಿಂದ ಒಂದು ಪೊಟ್ಟಣ ತೆಗೆದಳು. ಮಂಡಿನೋವಿಗೆ ಯಾರೋ ಕೊಟ್ಟಿದ್ದ ಪುಡಿ ಅದು. ನನಗೂ ಗೊತ್ತಿರಲಿಲ್ಲ! ಉಸಿರಿನ ಕೊಳವೆ ಹಾಕುವಾಗ ಸಡಿಲ ಹಲ್ಲು ಕಿತ್ತು ಒಳಗೆ ಬೀಳಬಹುದು. ಅಂಥ ಪುಡಿಗಳಲ್ಲಿ ಏನು ಬೆರೆಸಿರುತ್ತಾರೋ ಹೇಳುವುದು ಕಷ್ಟ. ಹಿಂದಿನ ದಿನ ಅಮ್ಮ ಇದನ್ನೆಲ್ಲ ಯಾಕೆ ಹೇಳಲಿಲ್ಲ? ಈ ಡಾಕ್ಟರ ಕೆಲಸ ಏನು ಅಂತ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಜನರ ಮುಂದೆ ರೋಗಿಯೊಬ್ಬರಿಗೆ ಮತ್ತು ಬರಿಸುವ ಈಥರ್ ಕೊಟ್ಟರು. ಅವತ್ತು ಚಾಕು ಹಿಡಿದಿದ್ದವರು ಜಾನ್ ವಾರೆನ್. ಆ ದಿನದ ಮಾತು ಬಂದರೆ ಜನ ಮೊದಲು ಹೇಳುವುದು ಮಾರ್ಟನ್ ಹೆಸರನ್ನೇ. ನಮ್ಮ ವಾರ್ಡುಗಳಲ್ಲಿ ಆಪರೇಷನ್ ಮಾಡಿದವರ ಹೆಸರು ಎಲ್ಲರಿಗೂ ಗೊತ್ತು, ತಲೆಯ ಹತ್ತಿರ ಕೂತವರು ಯಾರೆಂದು ಗೊತ್ತಿಲ್ಲ.

ಅಪಾಯಗಳನ್ನು ಹೇಳಿದರೆ ರೋಗಿ ಹೆದರುತ್ತಾರೆ ಅನ್ನುತ್ತಾರೆ. ಹೆದರಿಕೆ ಆಗಲೇ ಬಂದಿರುತ್ತದೆ. "ಬೆನ್ನಿಗೆ ಇಂಜೆಕ್ಷನ್ ತಗೊಂಡ್ರೆ ಜನ್ಮವಿಡೀ ಸೊಂಟನೋವು" ಅಂತ ಪಕ್ಕದ ಮನೆಯವರು ಹೇಳಿ ಕಳಿಸಿರುತ್ತಾರೆ. ಡಾಕ್ಟರು ಬಿಟ್ಟ ಜಾಗದಲ್ಲಿ ಇಂಥ ಮಾತು ಬಂದು ಕೂರುತ್ತದೆ. ಇನ್ನು ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗೆ ಓದದೆ ನಾನೇ ಸಹಿ ಹಾಕಿದ್ದೆ. ಅಪಾಯ ಬಂದರೆ ಅದು ಅಮ್ಮನ ಮೈಗೆ. ದೊಡ್ಡದು, ಚಿಕ್ಕದು, ಅಪರೂಪದ್ದು ಎಲ್ಲವನ್ನೂ ಅವಳಿಗೆ ಕನ್ನಡದಲ್ಲಿ ಹೇಳಿ, ಅವಳಿಂದಲೇ ಹೂಂ ಅನ್ನಿಸಿಕೊಳ್ಳಬೇಕಿತ್ತು.

ವಿರೋಧ: 'ಎಲ್ಲವನ್ನೂ' ಬೇಡ

ನಾನು ಅರಿವಳಿಕೆ ಡಾಕ್ಟರು. ಕಾಫಿ, ಹಲ್ಲು, ಮಾತ್ರೆ, ಪುಡಿ ಇವನ್ನು ಕೇಳದೆ ನಾವು ಯಾರೂ ಕೆಲಸ ಶುರು ಮಾಡಬಾರದು. ನಾವು ಯಾರು, ಎಷ್ಟು ಹೊತ್ತು ಜೊತೆಗಿರುತ್ತೇವೆ ಅನ್ನುವುದನ್ನೂ ಹೇಳಬೇಕು. ನನ್ನ ತಕರಾರು 'ಎಲ್ಲವನ್ನೂ' ಅನ್ನುವ ಒಂದು ಪದಕ್ಕೆ.

ಒಂದು ರಾತ್ರಿ ಎರಡು ಗಂಟೆಗೆ ಸಿಸೇರಿಯನ್‌ಗೆ ಕರೆ ಬಂತು. ಚೊಚ್ಚಲ ಹೆರಿಗೆ. ಮಗುವಿನ ಎದೆಬಡಿತ ಇಳಿಯುತ್ತಿತ್ತು. ಹುಡುಗಿ ಬೆನ್ನು ಬಾಗಿಸಿ, ಗಲ್ಲ ಎದೆಗೆ ತಾಗಿಸಿ, ನರ್ಸ್ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು. "ಮೇಡಂ, ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಹೋಗುತ್ತಂತೆ, ಹೌದಾ?"

"ಎರಡು ಮೂರು ಗಂಟೆ ಕಾಲು ಜೋಮು ಹಿಡಿದ ಹಾಗಿರುತ್ತೆ, ಆಮೇಲೆ ಸರಿಹೋಗುತ್ತೆ. ಕಾಲು ಹೋಗೋದು ತುಂಬಾ ತುಂಬಾ ಅಪರೂಪ. ಈಗ ಅಲ್ಲಾಡ್ಬೇಡಮ್ಮ, ನಾನು ಇಲ್ಲೇ ಇರ್ತೀನಿ" ಅಂದೆ. ಅದರಲ್ಲಿ ಸುಳ್ಳಿಲ್ಲ. ಬಿಪಿ ಇಳಿಯುವುದು, ಸೋಂಕು, ಬೆನ್ನುಹುರಿಯ ಹತ್ತಿರ ರಕ್ತ ಹೆಪ್ಪುಗಟ್ಟುವುದು ಅಂತ ಪಟ್ಟಿ ಬಿಚ್ಚಲಿಲ್ಲ. ಅವಳ ಕೈ ಆಗಲೇ ನಡುಗುತ್ತಿತ್ತು. ಸೂಜಿ ಒಳಗಿರುವಾಗ ಒಮ್ಮೆ ಬೆಚ್ಚಿದರೂ ಸಾಕು, ಪೆಟ್ಟಾಗಲು.

ಮೊದಲೇ ಗೊತ್ತುಮಾಡಿದ ಆಪರೇಷನ್ನಿನಲ್ಲಿ ಸಮಯ ಇರುತ್ತದೆ, ನಿಜ. ಆದರೆ ಅಂಕಿಗಳು ನನ್ನ ಕಿವಿಗೆ ಬೀಳುವ ಹಾಗೆ ರೋಗಿಯ ಕಿವಿಗೆ ಬೀಳುವುದಿಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಐರ್ಲೆಂಡಿನ ದೊಡ್ಡ ವರದಿ ಒಂದಿದೆ. ಪೂರ್ತಿ ಅರಿವಳಿಕೆ ಪಡೆದ ಸುಮಾರು 19,000 ಜನರಲ್ಲಿ ಒಬ್ಬರು ನಡುವೆ ಎಚ್ಚರವಾಗಿತ್ತು ಎಂದು ಹೇಳಿಕೊಂಡಿದ್ದರು. ನನಗೆ ಇದು ಧೈರ್ಯ ಕೊಡುವ ಅಂಕಿ. ಹಿಂದಿನ ರಾತ್ರಿ ಇದನ್ನು ಕೇಳಿದ ರೋಗಿಯ ತಲೆಯಲ್ಲಿ ಉಳಿಯುವುದು 'ಕೊಯ್ಯುವಾಗ ಎಚ್ಚರ' ಅನ್ನುವುದೊಂದೇ. ರಾತ್ರಿಯಿಡೀ ನಿದ್ದೆಯಿಲ್ಲ, ಬೆಳಗ್ಗೆ ಬಿಪಿ ಜಾಸ್ತಿ.

ಸುಪ್ರೀಂ ಕೋರ್ಟ್ 2008ರಲ್ಲಿ, ರೋಗಿಯ ಒಪ್ಪಿಗೆ ಕುರಿತ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ಗೆರೆಯನ್ನು ಎಳೆದಿದೆ. ಚಿಕಿತ್ಸೆ ಏನು, ಲಾಭವೇನು, ಬೇರೆ ದಾರಿ ಇದೆಯಾ, ದೊಡ್ಡ ಅಪಾಯ ಏನು ಎಂಬುದನ್ನು ಹೇಳಲೇಬೇಕು. ರೋಗಿ ಹೆದರಿ ಬೇಕಾದ ಚಿಕಿತ್ಸೆಯನ್ನೇ ಬಿಡುವಂತೆ ಮಾಡುವ ದೂರದ ಅಪಾಯಗಳನ್ನು ಹೇಳಬೇಕಾಗಿಲ್ಲ. ರೋಗಿ ಕೇಳಿದರೆ ನಾನು ಏನನ್ನೂ ಮುಚ್ಚಿಡುವುದಿಲ್ಲ. ಆದರೆ "ನೀವು ಇರ್ತೀರಲ್ಲ, ಸಾಕು ಬಿಡಿ" ಅನ್ನುವವರೂ ಇದ್ದಾರೆ. ಅದೂ ಅವರ ಹಕ್ಕೇ ಅಲ್ವಾ?

ಇನ್ನೊಂದು ಮಾತು, ಯಾವುದನ್ನು ಯಾವಾಗ ಹೇಳುತ್ತೇವೆ ಅನ್ನುವುದು. ಬೆಳಗ್ಗೆ ವಾರ್ಡಿಗೆ ಹೋದಾಗ ಆ ಹುಡುಗಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಎರಡೂ ಕಾಲಿನ ಬೆರಳು ಅಲ್ಲಾಡಿಸಿ ತೋರಿಸಿದಳು. ತಲೆನೋವಿನ ವಿಷಯ ನಾನು ಆಗ ಹೇಳಿದೆ. ಎದ್ದು ಕೂತಾಗ ಜಾಸ್ತಿ ಆಗಿ, ಮಲಗಿದಾಗ ಕಡಿಮೆ ಆಗುವ ತಲೆನೋವು ಬಂದರೆ ಅದು ಸೂಜಿಯಿಂದ, ಅದಕ್ಕೆ ಔಷಧಿ ಇದೆ, ತಕ್ಷಣ ನನಗೆ ಹೇಳಿಕಳಿಸು ಅಂದೆ. ಅವಳು ಕೇಳಿಸಿಕೊಂಡು, ಅಲ್ಲೇ ಇದ್ದ ಅವಳ ಅಮ್ಮನಿಗೆ ಅದನ್ನೇ ಒಂದು ಪದ ಬಿಡದೆ ತಿರುಗಿ ಹೇಳಿದಳು.