ವೆಂಗರ್ ಔಟ್ ಅಂದಿದ್ದೋರೆಲ್ಲ ಈಗ ಎಲ್ಲೋದ್ರು?

ನಿನ್ನೆ ರಾತ್ರಿ ನಮ್ಮ ಫುಟ್‌ಬಾಲ್ ಮ್ಯಾಚ್ ಗ್ರೂಪಲ್ಲಿ ಒಬ್ಬ ಮಹಾಶಯ ಒಂದು ಫೋಟೋ ಹಾಕಿದ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಎಮಿರೇಟ್ಸ್ ಸ್ಟೇಡಿಯಂ ಹೊರಗಡೆ ಇರೋ, ಅದರ ಹಳೇ ಮ್ಯಾನೇಜರ್ (ಕೋಚ್ ಅನ್ನಿ) ಆರ್ಸೆನ್ ವೆಂಗರ್ ಕಂಚಿನ ಪ್ರತಿಮೆ, 2023ರಲ್ಲಿ ನಿಲ್ಲಿಸಿದ್ರಲ್ಲ, ಲೀಗ್ ಟ್ರೋಫಿ ಎತ್ತಿ ಹಿಡಿದಿರೋದು, ಅದೇ. ಕೆಳಗೆ "ಬಾಸ್ ಅಂದ್ರೆ ಇವರೊಬ್ಬರೇ, ಇವರ ಬೆಲೆ ನಮಗೆ ಮೊದಲಿಂದಲೂ ಗೊತ್ತಿತ್ತು" ಅಂತ ಬರೆದು ಮೂರು ಕೆಂಪು ಹಾರ್ಟು. ಸರಿ, ಚೆನ್ನಾಗಿದೆ ಅನ್ಕೊಂಡೆ. ಅದಾಗಿ ಹತ್ತು ನಿಮಿಷಕ್ಕೆ, ಹತ್ತೇ ನಿಮಿಷ ಕಣ್ರೀ, ಅದೇ ಮನುಷ್ಯ ಅದೇ ಗ್ರೂಪಲ್ಲಿ "ಆರ್ಟೆಟಾ ಔಟ್" ಅಂತ ಹಾಕಿದ, ಈಗಿನ ಮ್ಯಾನೇಜರ್‌ನ ಕಿತ್ತಾಕಿ ಅಂತ. ಯಾಕಪ್ಪಾ ಅಂದ್ರೆ ಟೀಮು ಒಂದು ಮ್ಯಾಚ್ ಡ್ರಾ ಮಾಡ್ಕೊಂಡಿತ್ತು.

ಡ್ರಾ ಬಿಡಿ, ಆರ್ಟೆಟಾನೂ ಬಿಡಿ. ನನಗೆ ನಿದ್ದೆ ಕೆಡಿಸಿದ್ದು ಆ "ಮೊದಲಿಂದಲೂ" ಅನ್ನೋ ಪದ. ಮೊದಲಿಂದಲೂ ಅಂತೆ! ಈ ಪುಣ್ಯಾತ್ಮ 2017ರಲ್ಲಿ ಹೆಚ್ಚುಕಮ್ಮಿ ಇಡೀ ವರ್ಷ "ವೆಂಗರ್ ಔಟ್" ಅಂತ ಡಿಪಿ ಇಟ್ಕೊಂಡಿದ್ದ. ಹುಟ್ಟುಹಬ್ಬಕ್ಕೂ ತೆಗೀಲಿಲ್ಲ.

ನನ್ನ ಆರ್ಸೆನಲ್ ಹುಚ್ಚು ನಿಮಗೆಲ್ಲ ಗೊತ್ತಿರೋದೇ, ಮತ್ತೆ ಶುರು ಮಾಡಿದ ಇವನು ಅಂತ ಮುಂದಕ್ಕೆ ಹೋಗೋರು ಹೋಗಬಹುದು. ಆದ್ರೆ ಇದು ಆರ್ಸೆನಲ್ ಒಂದರ ಕಥೆ ಅಲ್ಲ. ಯಾವ ಕ್ಲಬ್ ತಗೊಳ್ಳಿ, ಮ್ಯಾನೇಜರ್ ಇರೋ ತನಕ ಅವನು ದಡ್ಡ, ಹಠಮಾರಿ, ಕಾಲ ಮುಗಿದೋನು. ಗೇಟು ದಾಟಿ ಆಚೆ ಹೋದ ಮರುಕ್ಷಣ ದೇವರು. ಸತ್ತ ಎಮ್ಮೆ ಯಾವಾಗ್ಲೂ ಹಂಡೆ ಹಾಲು ಕೊಡ್ತಿತ್ತು ಅಂತಾರಲ್ಲ, ಅದೇ.

ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿದ್ದ ಫರ್ಗುಸನ್ ಕಥೆ ನೋಡಿ. 1989ರಲ್ಲಿ ಅವರ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೇ, ಅವರದ್ದೇ ಅಭಿಮಾನಿ ಒಬ್ಬ, ಮೂರು ವರ್ಷದಿಂದ ಬರೀ ನೆಪ ಹೇಳಿದ್ದಾಯ್ತು, ಇನ್ನು ಹೊರಡಪ್ಪಾ ಅನ್ನೋ ಅರ್ಥದ ಬ್ಯಾನರ್ ಹಿಡಿದಿದ್ದ. ಆಮೇಲೆ ಏನಾಯ್ತು ಗೊತ್ತಲ್ಲ. ಈಗ ಅಲ್ಲೇ ಅವರ ಹೆಸರಲ್ಲಿ ಒಂದು ಸ್ಟ್ಯಾಂಡು, ಹೊರಗೆ ಪ್ರತಿಮೆ. ಅವತ್ತು ಆ ಬ್ಯಾನರ್ ನೋಡಿ ಚಪ್ಪಾಳೆ ತಟ್ಟಿದೋರು ಎಷ್ಟು ಜನ ಇದ್ರು ಅಂತ ಇವತ್ತು ಕೇಳಿ ನೋಡಿ, ಒಬ್ಬನೂ ಕೈ ಎತ್ತಲ್ಲ. ಎಲ್ಲರೂ "ಮೊದಲಿಂದಲೂ".

ವೆಂಗರ್ ವಿಷಯಕ್ಕೆ ಬರ್ತೀನಿ. 1996ರಲ್ಲಿ ಜಪಾನಿನ ನಗೋಯಾ ಟೀಮಿಂದ ಬಂದಾಗ ಲಂಡನ್ ಪೇಪರೊಂದು "ಆರ್ಸೆನ್ ಹೂ?" ಅಂತ ಹೆಡ್ಡಿಂಗ್ ಹಾಕಿತ್ತು. ಕನ್ನಡಕ ಹಾಕ್ಕೊಂಡು ಮೇಷ್ಟ್ರ ಥರ ಇರೋ ಈ ಮನುಷ್ಯ ಆಟಗಾರರು ಏನು ತಿನ್ನಬೇಕು, ಹೇಗೆ ಮೈ ಹದ ಮಾಡ್ಕೋಬೇಕು ಅನ್ನೋದರಿಂದ ಹಿಡಿದು ಎಲ್ಲಾ ಬದಲಾಯಿಸಿದ್ರು. ಮೊದಲ ಪೂರ್ತಿ ಸೀಸನ್‌ನಲ್ಲೇ, 1998ರಲ್ಲಿ, ಲೀಗೂ ಎಫ್‌ಎ ಕಪ್ಪೂ (ಇಂಗ್ಲೆಂಡಿನ ನಾಕೌಟ್ ಕಪ್ಪು) ಎರಡೂ. 2002ರಲ್ಲಿ ಮತ್ತೆ ಎರಡೂ. ಆಮೇಲೆ 2003-04, ಇಡೀ ಲೀಗ್‌ನಲ್ಲಿ ಒಂದೂ ಸೋಲಿಲ್ಲ. 38 ಮ್ಯಾಚು, 26 ಗೆಲುವು, 12 ಡ್ರಾ.

ಹನ್ನೆರಡು ಡ್ರಾ ಸ್ವಾಮಿ! ಆವಾಗ ನಮ್ಮ ಗ್ರೂಪ್ ಇದ್ದಿದ್ರೆ ಆ ಇನ್ವಿನ್ಸಿಬಲ್ಸ್ (ಅಜೇಯರು) ಸೀಸನ್ ಒಂದರಲ್ಲೇ ಹನ್ನೆರಡು ಸಲ "ಔಟ್" ಬಿದ್ದಿರೋದು.

ಆದ್ರೆ ನನ್ನ ಕೇಳಿದ್ರೆ ವೆಂಗರ್ ಮಾಡಿದ ದೊಡ್ಡ ಕೆಲಸ ಅದಲ್ಲ. ಅದಾದ ಮೇಲೆ ಬಂತಲ್ಲ ಒಣ ಕಾಲ, ಅದು. 2006ರಲ್ಲಿ ಹಳೇ ಮೈದಾನ ಹೈಬರಿ ಬಿಟ್ಟು ಎಮಿರೇಟ್ಸ್‌ಗೆ ಬಂದ್ರು, ಸುಮಾರು 39 ಕೋಟಿ ಪೌಂಡಿನ ಪ್ರಾಜೆಕ್ಟು, ಸಾಲ. ಸಾಲ ಕೊಡೋ ಬ್ಯಾಂಕಿನೋರು ನೀನು ಐದು ವರ್ಷ ಇರ್ತೀಯಾ ಅಂತ ಗ್ಯಾರಂಟಿ ಕೇಳಿದ್ರು, ನಾನು ಸೈನ್ ಮಾಡಿದೆ ಅಂತ ಅವರೇ ಆಮೇಲೆ ಹೇಳಿದ್ದಾರೆ. ಅಂದ್ರೆ ಆ ಸ್ಟೇಡಿಯಮ್ಮಿಗೆ ಜಾಮೀನು ನಿಂತಿದ್ದೇ ಈ ಮನುಷ್ಯ ಅನ್ನಿ. ದುಡ್ಡಿಲ್ಲ, ಸ್ಟಾರ್ ಆಟಗಾರರು ಒಬ್ಬೊಬ್ಬರೇ ಹೊರಟ್ರು. 2007ರಲ್ಲಿ ಆನ್ರಿ, 2011ರಲ್ಲಿ ಫ್ಯಾಬ್ರೆಗಾಸ್, ನಸ್ರಿ, 2012ರಲ್ಲಿ ಫಾನ್ ಪರ್ಸಿ, ಅದೂ ಎಲ್ಲಿಗೆ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ (ಈಗ್ಲೂ ಬರೆಯುವಾಗ ಹೊಟ್ಟೆಯಲ್ಲಿ ಏನೋ ಆಗತ್ತೆ). ಇಷ್ಟಾದ್ರೂ ಪ್ರತಿ ವರ್ಷ ಲೀಗ್‌ನ ಮೊದಲ ನಾಲ್ಕರಲ್ಲಿ ಟೀಮ್ ಇತ್ತು, ಅಂದ್ರೆ ಯೂರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಟಿಕೆಟ್ಟು. ಬೇರೆ ಕ್ಲಬ್‌ಗಳು ಚೆಕ್ ಮೇಲೆ ಚೆಕ್ ಬರೀತಿದ್ದಾಗ ಈ ಮನುಷ್ಯ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರನ್ನ ಕಟ್ಕೊಂಡು ಮನೆ ಖರ್ಚು ತೂಗಿಸ್ತಿದ್ರು.

ನಾವೇನು ಮಾಡಿದ್ವಿ? ನಾಲ್ಕನೇ ಸ್ಥಾನಾನೂ ಒಂದು ಟ್ರೋಫಿ ಇದ್ದಂಗೆ ಅಂತ ಅವರು ಅಂದಾಗ ನಕ್ಕಿದ್ವಿ. ಮೀಮ್ ಮಾಡಿದ್ವಿ. ಆ ಉದ್ದನೆ ಕೋಟಿನ ಜಿಪ್ ಹಾಕ್ಕೊಳ್ಳೋಕೆ ಮೈದಾನದ ಪಕ್ಕ ಒದ್ದಾಡ್ತಿದ್ದ ವಿಡಿಯೋ ಎಷ್ಟು ಸಲ ಫಾರ್ವರ್ಡ್ ಮಾಡಿಲ್ಲ ಹೇಳಿ. ಆಮೇಲೆ 2017ರಿಂದ ಸತತ ಆರು ಸೀಸನ್ ಚಾಂಪಿಯನ್ಸ್ ಲೀಗ್ ಮುಖಾನೇ ನೋಡದೆ, 2023ರಲ್ಲಿ ವಾಪಸ್ ಬಂದಾಗ ಇದೇ ಜನ ಕುಣಿದಿದ್ದೇನು, ಆ ಟೂರ್ನಿಯ ಹಾಡಿನ ಟ್ಯೂನ್ ಕೇಳಿ ಕಣ್ಣೀರು ಹಾಕಿದ್ದೇನು. ಅದಕ್ಕೂ ಮುಂಚೆ ಸತತ 19 ವರ್ಷ ಆ ಟ್ಯೂನ್ ಕೇಳ್ತಾನೇ ಇದ್ವಲ್ಲಪ್ಪಾ, ಆವಾಗ ಬೋರ್ ಹೊಡೀತಿತ್ತಾ?

ಈಗ ಒಬ್ಬರು ಬರ್ತಾರೆ, ನನಗೆ ಗೊತ್ತು, ಕಮೆಂಟಲ್ಲಿ ರೆಡಿಯಾಗಿ ಕೂತಿದ್ದಾರೆ. "ಪ್ರೀತಿ ಇದ್ರೆ ಟೀಕೆ ಮಾಡಬಾರದಾ? ಕ್ಲಬ್ ದೊಡ್ಡದಾ ಮ್ಯಾನೇಜರ್ ದೊಡ್ಡೋನಾ? ಕೊನೇ ವರ್ಷಗಳಲ್ಲಿ ಅವರದ್ದು ಮುಗಿದಿತ್ತಲ್ವಾ?" ಒಪ್ತೀನಿ ಸಾರ್. 2011ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ 8-2 ಸೋಲು. 2014ರಲ್ಲಿ ಅವರ ಸಾವಿರನೇ ಮ್ಯಾಚು, ಚೆಲ್ಸಿ ಕೈಲಿ 6-0 ಸೋಲು, ಸಾವಿರನೇ ಮ್ಯಾಚಿಗೆ ಯಾರಿಗೂ ಬರಬಾರದ ಉಡುಗೊರೆ. 2017ರಲ್ಲಿ ಬಯರ್ನ್ ಎರಡು ಮ್ಯಾಚ್ ಸೇರಿ 10-2. ನಮ್ಮ ಹಳೇ ಕ್ಯಾಪ್ಟನ್ ವಿಯೆರಾ ಹೋಗಿ ಹತ್ತು ವರ್ಷ ದಾಟಿದ್ರೂ ಆ ಜಾಗಕ್ಕೆ ಒಬ್ಬ ಗಂಡಾಳು ಸಿಗಲಿಲ್ಲ. ಇನ್ನೊಂದೆರಡು ವರ್ಷ ಮುಂಚೆ ಹೋಗಿದ್ರೆ ಚೆನ್ನಾಗಿತ್ತು ಅಂತಾನೂ ಒಪ್ತೀನಿ, ಸೈನ್ ಬೇಕಾದ್ರೂ ಹಾಕ್ತೀನಿ. ಟೀಕೆ ಮಾಡಿ, ಯಾರು ಬೇಡ ಅಂದ್ರು.

ಆದ್ರೆ ನಾವು ಮಾಡಿದ್ದು ಟೀಕೆನಾ? 2014 ಡಿಸೆಂಬರಲ್ಲಿ ಸ್ಟೋಕ್ ಹತ್ರ ಸೋತು ಟ್ರೈನ್ ಹತ್ತೋಕೆ ಬಂದಾಗ ಪ್ಲಾಟ್‌ಫಾರ್ಮಲ್ಲಿ ಬೈದ್ರಲ್ಲ ಅದು ಟೀಕೆನಾ? 65 ವರ್ಷದ ಮನುಷ್ಯ, ಬ್ಯಾಗ್ ಹಿಡ್ಕೊಂಡು ಟ್ರೈನ್ ಹತ್ತುತಾ ಇದ್ದಾರೆ, ಅದೇ ವರ್ಷ ಮೇನಲ್ಲಿ ಎಫ್‌ಎ ಕಪ್ ಗೆದ್ದು ಕೊಟ್ಟಿರೋರು. 2017ರಲ್ಲಿ ವೆಸ್ಟ್ ಬ್ರೋಮ್ ಮ್ಯಾಚಲ್ಲಿ ವಿಮಾನಕ್ಕೆ ಬ್ಯಾನರ್ ಕಟ್ಟಿ ಆಕಾಶದಲ್ಲಿ ಹಾರಿಸಿದ್ರು, ಒಂದು ಗುಂಪು ಬೇಡ ಅಂತ, ಇನ್ನೊಂದು ಗುಂಪು ಬೇಕು ಅಂತ ಇನ್ನೊಂದು ವಿಮಾನ. ಕೆಳಗೆ ಟೀಮ್ 3-1 ಸೋಲ್ತಾ ಇದೆ, ಮೇಲೆ ಏರ್ ಶೋ. ಅಮೆರಿಕದ ಕುಸ್ತಿ ಶೋ ರೆಸ್ಲ್‌ಮೇನಿಯಾದಲ್ಲಿ ವೆಂಗರ್ ಔಟ್ ಬೋರ್ಡು. ಜಿಂಬಾಬ್ವೆಯಲ್ಲಿ ಜನ ಅಧ್ಯಕ್ಷ ಮುಗಾಬೆನ ಇಳಿಸೋಕೆ ಬೀದಿಗೆ ಬಂದ್ರೆ ಅಲ್ಲೂ ಒಬ್ಬ ವೆಂಗರ್ ಔಟ್ ಬೋರ್ಡು! ನಕ್ಕೆ ನಾನೂ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಒಂದು ಕ್ಷಣ ಯೋಚನೆ ಮಾಡಿ, ನಿಮ್ಮ ಹೆಸರಿನ ಪಕ್ಕ "ತೊಲಗು" ಅಂತ ಸೇರಿಸಿ ಇಡೀ ಪ್ರಪಂಚ ತಮಾಷೆ ಮಾಡೋದನ್ನ ನೋಡ್ಕೊಂಡು ನೀವು ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗ್ತೀರಾ? ಅವರು ಹೋದ್ರು. 2017ರ ಮೇನಲ್ಲಿ ಚೆಲ್ಸಿ ಸೋಲಿಸಿ ಇನ್ನೊಂದು ಎಫ್‌ಎ ಕಪ್ ತಂದ್ರು. ಏಳನೇದು. ಅಷ್ಟು ಎಫ್‌ಎ ಕಪ್ ಗೆದ್ದ ಮ್ಯಾನೇಜರ್ ಇನ್ನೊಬ್ಬರಿಲ್ಲ.

2018ರ ಮಾರ್ಚಲ್ಲಿ ಎಮಿರೇಟ್ಸ್‌ನಲ್ಲಿ ಸಾಲು ಸಾಲು ಖಾಲಿ ಸೀಟು. ಏಪ್ರಿಲ್ 20ಕ್ಕೆ ಹೋಗ್ತೀನಿ ಅಂತ ಅನೌನ್ಸ್ ಆಯ್ತು. ಮೇ 6ಕ್ಕೆ ಬರ್ನ್ಲಿ ಜೊತೆ ಕೊನೇ ಹೋಮ್ ಮ್ಯಾಚು, ಸ್ಟೇಡಿಯಂ ತುಂಬಿ ತುಳುಕ್ತಾ ಇದೆ, ಎಲ್ಲರ ಮೈಮೇಲೆ "ಮೆರ್ಸಿ ಆರ್ಸೆನ್" (ಫ್ರೆಂಚಲ್ಲಿ ಥ್ಯಾಂಕ್ಯೂ ಆರ್ಸೆನ್) ಅಂತ ಕೆಂಪು ಟೀಶರ್ಟು! ಎರಡು ತಿಂಗಳಲ್ಲಿ ಎಲ್ಲಿಂದ ಬಂತಪ್ಪಾ ಈ ಪ್ರೀತಿ, ಗೋಡೌನಲ್ಲಿ ಇಟ್ಟಿದ್ರಾ? 5-0 ಗೆದ್ರು, ಆ ಅಜೇಯ ಸೀಸನ್ನಿನ ಚಿನ್ನದ ಟ್ರೋಫಿನ ಅವರ ಕೈಗೇ ಕೊಟ್ರು. ಅವರು ಮೈಕ್ ಹಿಡಿದು ಮೊದಲು ಮಾತಾಡಿದ್ದು ತನ್ನ ಬಗ್ಗೆ ಅಲ್ಲ. ಹಿಂದಿನ ದಿನ ತಾನೇ ಮೆದುಳಿನ ಆಪರೇಷನ್ ಆಗಿದ್ದ ಫರ್ಗುಸನ್ ಬಗ್ಗೆ, ಬೇಗ ಹುಷಾರಾಗಲಿ ಅಂತ. ಎಷ್ಟು ವರ್ಷ ಜಗಳ ಆಡಿದ್ರು ಇಬ್ಬರೂ! ಯುನೈಟೆಡ್ ಕೈಲಿ ಸೋತು ನಮ್ಮ 49 ಮ್ಯಾಚಿನ ಅಜೇಯ ಓಟ ನಿಂತ ದಿನ ಫರ್ಗುಸನ್ ಮೈಮೇಲೆ ಪಿಜ್ಜಾ ಬಿದ್ದಿತ್ತಲ್ಲ. (ಎಸೆದದ್ದು ನಾನೇ ಅಂತ ಫ್ಯಾಬ್ರೆಗಾಸ್ ಎಷ್ಟೋ ವರ್ಷದ ಮೇಲೆ ಒಪ್ಕೊಂಡ, ಒಳ್ಳೆ ಹುಡುಗ.) ಅಂಥ ಎದುರಾಳಿ ನೆನಪಾದ್ರು ಅವರಿಗೆ ಅವತ್ತು. ನಮ್ಮನ್ನ ಬೈಲಿಲ್ಲ. ಬೈಬೇಕಿತ್ತು. ನಿಮ್ಮನ್ನ ಮಿಸ್ ಮಾಡ್ಕೋತೀನಿ ಅಂದು ಮೈಕ್ ಕೊಟ್ಟು ಹೋದ್ರು. ಆಮೇಲೆ ನಾಲ್ಕೂವರೆ ವರ್ಷ ಆ ಸ್ಟೇಡಿಯಂ ಕಡೆ ಬರಲಿಲ್ಲ. 2022ರ ಡಿಸೆಂಬರ್ 26ಕ್ಕೆ ಬಂದ್ರು, ವೆಸ್ಟ್ ಹ್ಯಾಮ್ ಮ್ಯಾಚಿಗೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ. ಮೊದಲಿಂದಲೂ ನೋಡಿ ನಾವು ಹಂಗೇ.

ಎಲ್ಲರೂ ಹಿಂಗೇ ಅನ್ನೋಕೂ ಆಗಲ್ಲ, ಅದೇ ನನ್ನ ಹೊಟ್ಟೆಕಿಚ್ಚು. ಲೀಡ್ಸ್‌ನೋರನ್ನ ನೋಡಿ. ಮ್ಯಾನೇಜರ್ ಬಿಯೆಲ್ಸಾ ಆ ಟೀಮನ್ನ 16 ವರ್ಷದ ಮೇಲೆ ಇಂಗ್ಲೆಂಡಿನ ಟಾಪ್ ಲೀಗ್ ಆದ ಪ್ರೀಮಿಯರ್ ಲೀಗ್‌ಗೆ ತಂದ್ರು, ಊರ ಮಧ್ಯದ ಒಂದು ಬೀದಿಗೆ ಅವರ ಹೆಸರಿಟ್ರು, ಅದೂ ಅವರು ಕೆಲಸದಲ್ಲಿ ಇದ್ದಾಗಲೇ. 2022ರ ಫೆಬ್ರವರಿ ಒಂದೇ ತಿಂಗಳಲ್ಲಿ ಟೀಮು 20 ಗೋಲ್ ಬಿಟ್ಕೊಡ್ತು, ಇಪ್ಪತ್ತು! ಆವಾಗ್ಲೂ ಸ್ಟೇಡಿಯಂ ಅವರ ಹೆಸರು ಕೂಗ್ತಿತ್ತು. ಓಡಿಸಿದ್ದು ಕ್ಲಬ್ಬು, ಜನ ಅಲ್ಲ. ಲೆಸ್ಟರ್‌ನಲ್ಲಿ ಮ್ಯಾನೇಜರ್ ರಾನಿಯೇರಿಗೂ ಅದೇ ಆಯ್ತು, 5000ಕ್ಕೆ 1 ಇದ್ದ ಬೆಟ್ಟಿಂಗಲ್ಲಿ ಲೀಗ್ ಗೆದ್ದು ಕೊಟ್ಟೋರನ್ನ ಒಂಬತ್ತು ತಿಂಗಳಿಗೆ ಮನೆಗೆ ಕಳ್ಸಿದ್ರು. ಸೋಲ್ತಾ ಇರುವಾಗ ಹೆಸರು ಕೂಗೋದಿದೆಯಲ್ಲ, ಅದು ನಮ್ಮ ಕೈಲಿ ಆಗಲಿಲ್ಲ.

"ನಮ್ಮ" ಅಂತ ಯಾಕೆ ಹೇಳ್ತಾ ಇದೀನಿ ಅಂತ ಈಗಾಗಲೇ ಕೆಲವರಿಗೆ ಡೌಟ್ ಬಂದಿರಬೇಕು. ಹೇಳಿಬಿಡ್ತೀನಿ. ನಿನ್ನೆ ರಾತ್ರಿ ಸಿಟ್ಟಲ್ಲಿ ಆ ಗೆಳೆಯನ ಹಳೇ ಪೋಸ್ಟ್ ಹುಡುಕೋಕೆ ಕೂತೆ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಲ್ಲಿ ಹಾಕಿ "ಏನಪ್ಪಾ ಮೊದಲಿಂದಲೂ?" ಅಂತ ಕೇಳೋಣ ಅಂತ. ಕೆಳಗೆ ಎಳೆದು ಎಳೆದು ಹೆಬ್ಬೆರಳು ನೋವು ಬಂತು, 2017 ಮಾರ್ಚ್ ಸಿಕ್ತು. ಬಯರ್ನ್ ಮ್ಯಾಚ್ ಆದ ರಾತ್ರಿ. ಅವನ ಫೋಟೋ, ವೆಂಗರ್ ಔಟ್. ಅದರ ಕೆಳಗೆ ಮೊದಲ ಕಮೆಂಟು: "ನೂರಕ್ಕೆ ನೂರು ನಿಜ ಮಗಾ, ಈ ಅಜ್ಜಂಗೆ ಸ್ವಲ್ಪನಾದ್ರೂ ಮರ್ಯಾದೆ ಇದ್ರೆ ತಾನಾಗೇ ಹೋಗಬೇಕು."

ಬರೆದಿದ್ದು ನಾನು.

ನೆನಪೇ ಇರಲಿಲ್ಲ ಕಣ್ರೀ, ಸತ್ಯವಾಗ್ಲೂ. ಇಷ್ಟು ವರ್ಷ ನಾನು ಮಾತ್ರ ಕೊನೇ ತನಕ ಅವರ ಪರ ನಿಂತೋನು ಅಂತ ನಂಬ್ಕೊಂಡೇ ಬದುಕಿದ್ದೆ, ಎಷ್ಟು ಜನಕ್ಕೆ ಪಾಠ ಬೇರೆ ಮಾಡಿದೀನಿ, ನಿಮ್ಮಲ್ಲೇ ಕೆಲವರಿಗೆ. ಇನ್ನೂ ಒಂದು ಹೇಳ್ತೀನಿ, ಆ ಬರ್ನ್ಲಿ ಮ್ಯಾಚ್ ನಾನು ಲೈವ್ ನೋಡೇ ಇಲ್ಲ. ಆ ವರ್ಷ ಫೆಬ್ರವರಿ ಹೊತ್ತಿಗೇ ಮ್ಯಾಚ್ ನೋಡೋದು ಬಿಟ್ಟಿದ್ದೆ, ಇವರು ಹೋಗೋ ತನಕ ನೋಡಲ್ಲ ಅಂತ ಶಪಥ ಬೇರೆ. ಅಲ್ಲಿ ಖಾಲಿ ಸೀಟು ಇದ್ವಲ್ಲ, ಇಲ್ಲಿ ನನ್ನ ಸೋಫಾನೂ ಖಾಲಿ. ಆಮೇಲೆ ಅವರ ಮಾತಿನ ವಿಡಿಯೋ ಮಾತ್ರ ನಾಲ್ಕು ಸಲ ನೋಡಿ ಮೂಗು ಒರೆಸ್ಕೊಂಡೆ. "ಥ್ಯಾಂಕ್ಯೂ ಬಾಸ್" ಅಂತ ಪೋಸ್ಟ್ ಹಾಕಿದ್ದೆ. 84 ಲೈಕು.

ಹಂಗಂತ ಸಿಟ್ಟು ಕಮ್ಮಿ ಆಯ್ತಾ ಅಂದ್ರೆ, ಇಲ್ಲ. ಜಾಸ್ತಿನೇ ಆಯ್ತು. ಇದ್ದಾಗ ಬೈದಿದ್ದು ಒಂದು ತಪ್ಪು, ಅದು ಸೋತಾಗಿನ ಸಂಕಟ, ಅರ್ಥ ಆಗತ್ತೆ, ಬೆಳಗಾದ್ರೆ ಹೋಗತ್ತೆ. ಬೈದೇ ಇಲ್ಲ ಅನ್ನೋದಿದೆಯಲ್ಲ, ಅದಕ್ಕೆ ಏನು ಹೇಳೋದು. ಪ್ರತಿಮೆ ಮುಂದೆ ನಿಂತು ಸೆಲ್ಫಿ ತಗೊಳ್ಳಿ ಬೇಡ ಅನ್ನಲ್ಲ, "ನಾನೂ ಬೈದಿದ್ದೆ ಸಾರ್" ಅಂತ ಕ್ಯಾಪ್ಷನ್ನಲ್ಲಿ ಒಂದು ಸಾಲು ಹಾಕಿ ಸಾಕು. ಯಾರೂ ಹಾಕಲ್ಲ. ನಾಳೆ ಆರ್ಟೆಟಾ ಹೋದ ದಿನಾನೂ ನೋಡ್ತಾ ಇರಿ, ಇದೇ ಗ್ರೂಪು, ಇದೇ ಮೂರು ಕೆಂಪು ಹಾರ್ಟು.

ಸ್ಕ್ರೀನ್‌ಶಾಟ್ ಹಾಕೋಣ ಅಂದ್ರೆ ನನ್ನ ಕಮೆಂಟು ಅವನ ಫೋಟೋಗೆ ಅಂಟ್ಕೊಂಡಂಗೆ ಕೆಳಗೇ ಇದೆ. ಕ್ರಾಪ್ ಮಾಡೋಕೆ ಎರಡು ಸಲ ಟ್ರೈ ಮಾಡಿದೆ, ಯಾಕೋ ಕೈ ಬರಲಿಲ್ಲ, ಬಿಟ್ಟೆ. ಹೆಸರೂ ಹಾಕಿಲ್ಲ, ಟ್ಯಾಗೂ ಮಾಡಿಲ್ಲ. ಇದಕ್ಕೆ ಮೊದಲ ಲೈಕ್ ಅವನದ್ದೇ ಬರತ್ತೆ ನೋಡ್ತಾ ಇರಿ, "ಸಖತ್ತಾಗಿ ಹೇಳಿದೆ ಮಗಾ, ಇಂಥ ಜನ ಇದ್ದಾರೆ ಕಣೋ" ಅಂತ ಕಮೆಂಟೂ.