ಭಾವನ ಸೆಲ್ಫಿ, ನೌಕಾಪಡೆಯ ವಿಮಾನ

ನಿನ್ನೆಯ ತಲೆನೋವು ಇನ್ನೂ ಇಳಿದಿಲ್ಲ. ಕಾರವಾರದವರಿಗೆ ವಿಮಾನ ಅಂದ್ರೆ ಗೋವಾದ ದಾಬೋಲಿಂ ನಿಲ್ದಾಣ, ಗೊತ್ತಲ್ವಾ? ಪೋರ್ಚುಗೀಸರು ಕಟ್ಟಿದ್ದು, 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೆ ನಮ್ಮ ನೌಕಾಪಡೆಯ ಕೈಗೆ ಬಂತು. ಅಲ್ಲಿನ ನೌಕಾನೆಲೆಯ ಹೆಸರು ಐಎನ್ಎಸ್ ಹಂಸ. ನಾವು ಪ್ರಯಾಣಿಕರು ಅಲ್ಲಿ ಒಂಥರಾ ಬಾಡಿಗೆದಾರರು. ಮನೆಯವರು ಅಂಗಳದಲ್ಲಿ ಏನು ಒಣಗಿಸಿದ್ದಾರೆ ಅಂತ ಬಾಡಿಗೆಯವರು ಇಣುಕಬಾರದು, ಅಷ್ಟೇ.

ಇದನ್ನ ನನ್ನ ಭಾವನಿಗೆ ಯಾರು ಹೇಳೋದು?

ಭಾವ ಫೋಟೋ ತೆಗೆಯದೆ ಇಡ್ಲಿ ಮುರಿಯುವವರಲ್ಲ. ಬೆಂಗಳೂರಿನ ಮದುವೆ ಮುಗಿಸಿ ಒಟ್ಟಿಗೆ ಬಂದೆವು. ಇಳಿಯುವ ಮೊದಲು ವಿಮಾನದ ಸಿಬ್ಬಂದಿ ಹೇಳಿದರು, ಇದು ರಕ್ಷಣಾ ಪಡೆಯ ನಿಲ್ದಾಣ, ಫೋಟೋ ತೆಗೆಯಬಾರದು ಅಂತ. 'ಭಾವ, ಕೇಳಿಸ್ತಾ?' ಅಂದೆ. 'ಅದು ನಮಗಲ್ಲ ಮಾರಾಯಾ, ಪಾಕಿಸ್ತಾನದವರಿಗೆ' ಅಂದರು.

ಮೆಟ್ಟಿಲು ಇಳಿದಿದ್ದೇ ತಡ, ಕೈ ಚಾಚಿ ಸೆಲ್ಫಿ. ಹಿಂದೆ ದೂರದಲ್ಲಿ ಬೂದು ಬಣ್ಣದ ವಿಮಾನವೊಂದು ಸುಮ್ನೆ ನಿಂತಿತ್ತು. ಸಮವಸ್ತ್ರದ ಹುಡುಗನೊಬ್ಬ ಬಂದು ಬಹಳ ಮರ್ಯಾದೆಯಿಂದ 'ಡಿಲೀಟ್ ಕೀಜಿಯೇ ಅಂಕಲ್' ಅಂದ. ಒಂದಿದ್ದರೆ ಅಳಿಸಬಹುದಿತ್ತು. ಭಾವ ಬಟನ್ ಒತ್ತಿ ಹಿಡಿದಿದ್ದರು, ಒಟ್ಟು ಹದಿನೇಳು! ಎಲ್ಲ ಒಟ್ಟಿಗೆ ಅಳಿಸೋದು ಅವರಿಗೆ ಬರೋದಿಲ್ಲ, ಫೋನನ್ನ ಬೇರೆಯವರ ಕೈಗೆ ಕೊಡೋದೂ ಇಲ್ಲ. ಒಂದೊಂದಾಗಿ ಶುರುವಾಯಿತು. 'ಇಸ್ಮೇ ಆಂಖ್ ಬಂದ್ ಹೈ, ಇದು ಹೋಗಲಿ. ಯೇ ಅಚ್ಛಾ ಆಯಾ ಹೈ, ರಹನೇ ದೋ.' ಕೈ ಜಾರಿ ಗ್ಯಾಲರಿ ಹಿಂದಕ್ಕೆ ಓಡಿತು, 'ಯೇ ಹಮಾರಾ ಅತ್ತೆ, ಬಾಳೆಎಲೆ ಕೆ ಸಾಮ್ನೆ.' ಆ ಹುಡುಗ ನಮ್ಮ ಇಡೀ ಮದುವೆ ನೋಡಿದ, ಒಂದು ಹೋಳಿಗೆ ಮಾತ್ರ ಸಿಗಲಿಲ್ಲ ಪಾಪ. ಅಷ್ಟರಲ್ಲಿ ಟಿಂಗ್ ಅಂತು. ಒಂದು ಫೋಟೋ ಆಗಲೇ ಮನೆಯ ಗ್ರೂಪಿಗೆ ಹೋಗಿ, ಅದೇ ಅತ್ತೆಯ ಉತ್ತರವೂ ಬಂದಿತ್ತು: 'ಹಿಂದೆ ನಿಂತಿದ್ದು ಯಾವ ಗಾಡಿ?'

ಬೆಲ್ಟಿನ ಮೇಲೆ ಕೊನೆಗೆ ತಿರುಗುತ್ತಿದ್ದದ್ದು ನಮ್ಮ ಚೀಲ ಒಂದೇ.

ಕಾರಿನಲ್ಲಿ ಸಮಾಧಾನಕ್ಕೆ ಅಂತ, 'ಮುಂದೆ ನಮ್ಮ ಅಂಕೋಲಾದ ಅಲಗೇರಿಯಲ್ಲೇ ನಿಲ್ದಾಣ ಮಾಡ್ತಾರಂತೆ ಭಾವ' ಅಂದೆ. ಮುಖ ಅರಳಿತು. 'ಅದೂ ನೌಕಾಪಡೆಯದ್ದೇ' ಅಂದೆ. ಮುಖ ಬಾಡಿತು.

ನನಗೂ ಒಂಥರಾ ಆಯಿತು. ಸಣ್ಣವರಿದ್ದಾಗ ಕಾರವಾರದ ಹತ್ತಿರದ ಅರ್ಗಾದ ಬೇಲೆಗೆ, ಅಂದ್ರೆ ಕಡಲ ದಂಡೆಗೆ, ಅವಲಕ್ಕಿ ಕಟ್ಟಿಕೊಂಡು ಹೋಗುತ್ತಿದ್ದೆವು. ಆಮೇಲೆ ನೌಕಾಪಡೆಯ ಸೀಬರ್ಡ್ ನೆಲೆ ಬಂತು, ಊರಿಗೆ ಊರೇ ಎದ್ದು ಹೋಯಿತು, ಗೋಡೆ ಬಂತು. ಆ ಬೇಲೆಯ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಆಗ ಕ್ಯಾಮೆರಾ ಇರಲಿಲ್ಲ, ಈಗ ಎಲ್ಲರ ಜೇಬಲ್ಲೂ ಇದೆ, ಒಳಗೆ ಬಿಡೋದಿಲ್ಲ.

ಕಾಳಿ ಸೇತುವೆ ದಾಟಿ ಕಾರವಾರ ಮುಟ್ಟಿದಾಗ ಸಂಜೆಯಾಗಿತ್ತು. ಟಾಗೋರ್ ಬೀಚಿನಲ್ಲಿ ಟುಪೊಲೆವ್ ನಿಂತಿದೆಯಲ್ಲ, 2017ರಲ್ಲಿ ನಿವೃತ್ತಿಯಾದ ನೌಕಾಪಡೆಯ ವಿಮಾನ, ಜನ ನೋಡಲಿ ಅಂತಲೇ ತಂದು ನಿಲ್ಲಿಸಿದ್ದು. 'ಇಳೀರಿ ಭಾವ, ಇಲ್ಲಿ ಎಷ್ಟು ಬೇಕಾದ್ರೂ ತೆಗೀರಿ' ಅಂದೆ. ನಂಬಲಿಲ್ಲ. ಆ ಕಡೆ ಈ ಕಡೆ ನೋಡಿ, ಶೇಂಗಾ ಮಾರುವವನ ಹತ್ತಿರ ಹೋಗಿ ಮೆತ್ತಗೆ ಕೇಳಿದರು. ಅವನು ತೆಗೀರಿ ಅಂದ ಮೇಲೇ ಫೋನು ಹೊರಗೆ ಬಂತು. ಒಂದೇ ಒಂದು ತೆಗೆದರು.

ಅದರಲ್ಲಿ ಕಣ್ಣು ಮುಚ್ಚಿತ್ತು.