ಪಾಸ್‌ವರ್ಡ್ ತೆಗೆದಿದ್ದೇನೆ, ಸರ್

ಮೊನ್ನೆ ಒಂದು ಹಳೇ ಪ್ರಾಜೆಕ್ಟಿನ ಗಿಟ್ ಹಿಸ್ಟರಿ, ಅಂದರೆ ಕೋಡಿನ ಹಳೇ ಬದಲಾವಣೆಗಳ ದಾಖಲೆ, ಕೆದಕುತ್ತಾ ಕೂತಿದ್ದೆ. ಅದರಲ್ಲಿ ಒಂದು ಬದಲಾವಣೆಗೆ (ಕಮಿಟ್‌ಗೆ) ಯಾರೋ ಪುಣ್ಯಾತ್ಮರು ‘ಡೇಟಾಬೇಸ್ ಪಾಸ್‌ವರ್ಡ್ ತೆಗೆದಿದ್ದೇನೆ’ ಅಂತ ಬರೆದಿದ್ದರು. ತೆರೆದು ನೋಡಿದರೆ, ತೆಗೆದ ಸಾಲು ಹಣೆಗೆ ಒಂದು ಮೈನಸ್ ಇಟ್ಟುಕೊಂಡು, ಕೆಂಪು ಬಣ್ಣದಲ್ಲಿ ಮದುಮಗಳ ಹಾಗೆ ಕೂತಿದೆ! ಕಳ್ಳನಿಗೆ ಹುಡುಕುವ ಕಷ್ಟ ಬೇಡ ಅಂತ ಬೋರ್ಡ್ ಬೇರೆ. ಇಷ್ಟು ಉಪಕಾರ ಈ ಕಾಲದಲ್ಲಿ ಯಾರು ಮಾಡ್ತಾರೆ? ಈಗ ಸರ್ವರ್‌ನಲ್ಲಿ ಓಡುತ್ತಿರುವುದೂ ಅದೇ ಪಾಸ್‌ವರ್ಡ್.

ಕೋಡಿನಲ್ಲಿ ಇಡಬೇಡಿ ಅಂದರೆ ಪ್ರೋಗ್ರಾಂಗೆ ಸಿಸ್ಟಂ ಹೊರಗಿನಿಂದ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹಾಕ್ತಾರೆ. ಪ್ರೋಗ್ರಾಂ ಬಿದ್ದಾಗ ಎರರ್ ರಿಪೋರ್ಟ್ ಕೆಲವೊಮ್ಮೆ ಅದನ್ನೂ ಹೊತ್ತುಕೊಂಡು ಲಾಗ್ ಅನ್ನೋ ದಿನಚರಿ ಫೈಲಿಗೆ ಹೋಗುತ್ತೆ. ಕಮಾಂಡ್ ಲೈನಿನಲ್ಲಿ ಕೊಟ್ಟರೆ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಪಾಪ, ಇದು ಅಪಾಯ ಆಗಬಹುದು ಅಂತ ಪ್ರತಿ ಸಲ ಎಚ್ಚರಿಸುತ್ತೆ. ನಾವು ಆ ಎಚ್ಚರಿಕೆ ಕಾಣದ ಹಾಗೆ ಮಾಡೋದು ಹೇಗೆ ಅಂತ ಹುಡುಕುತ್ತೇವೆ. ನಾನೂ ಹುಡುಕಿದ್ದೇನೆ, ಸುಳ್ಳು ಯಾಕೆ.

ನನಗೆ ಎಲ್ಲಕ್ಕಿಂತ ಇಷ್ಟ ಬೇಸ್64: ಅಕ್ಷರಗಳನ್ನು ಬೇರೆ ವೇಷದಲ್ಲಿ ಬರೆಯುವ ವಿಧಾನ, ಬೀಗವಲ್ಲ. ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ಕುಬರ್ನೆಟೀಸ್‌ನಲ್ಲಿ ‘ಸೀಕ್ರೆಟ್’ ಅಂತ ಒಂದಿದೆ. ಹೆಸರು ಕೇಳಿದರೇನೇ ಮೈ ಜುಮ್ಮೆನ್ನುತ್ತೆ. ಒಳಗೆ ನೋಡಿದರೆ ಪಾಸ್‌ವರ್ಡ್ ಬೇಸ್64 ಅನ್ನೋ ನಾಟಕದ ಮೀಸೆ ಅಂಟಿಸಿಕೊಂಡು ನಿಂತಿದೆ, ಅಷ್ಟೇ. ಒಂದೇ ಕಮಾಂಡಿಗೆ ಮೀಸೆ ಉದುರುತ್ತೆ. ನಿಜವಾದ ಎನ್‌ಕ್ರಿಪ್ಷನ್ ಬೇಕಾದರೆ ಬೇರೆಯಾಗಿ ಆನ್ ಮಾಡಬೇಕು. ಆದರೆ ಬೇಸ್64 ಸಾಲಿನ ಕೊನೆಯಲ್ಲಿ ಎರಡು ಈಕ್ವಲ್ ಚಿಹ್ನೆ ಕಂಡರೆ ಸಾಕು, ಮೀಟಿಂಗಿನಲ್ಲಿ ‘ಎನ್‌ಕ್ರಿಪ್ಟ್ ಆಗಿದೆ ಸರ್’ ಅಂತ ಎದೆ ತಟ್ಟಿ ಹೇಳ್ತಾರೆ. ಇನ್ನು ಕೆಲವರು ದುಡ್ಡು ಸುರಿದು ವಾಲ್ಟ್, ಅಂದರೆ ಪಾಸ್‌ವರ್ಡ್‌ಗಳ ತಿಜೋರಿ, ತರ್ತಾರೆ. ಆ ವಾಲ್ಟ್ ತೆಗೆಯುವ ಕೀಲಿ (ಟೋಕನ್) ಎಲ್ಲಿ? ಅದೇ ಹಳೇ ಕಾನ್ಫಿಗ್ ಫೈಲಿನಲ್ಲಿ!

ನಗೋದು ಸಾಕು. 2016ರಲ್ಲಿ ಉಬರ್ ಎಂಜಿನಿಯರ್‌ಗಳ ಖಾಸಗಿ ಗಿಟ್‌ಹಬ್ ಕೋಡ್ ಸಂಗ್ರಹದಲ್ಲಿ ಸಿಕ್ಕ ಕೀಲಿಯಿಂದಲೇ 5.7 ಕೋಟಿ ಜನರ ಮಾಹಿತಿ ಕಳ್ಳರ ಪಾಲಾಯಿತು. ಕಂಪನಿ ಅವರಿಗೆ 1 ಲಕ್ಷ ಡಾಲರ್ ಕೊಟ್ಟು, ಸುಮಾರು ಒಂದು ವರ್ಷ ಬಾಯಿ ಮುಚ್ಚಿಕೊಂಡಿತ್ತು. ಫೋನ್ ನಂಬರ್ ಕಳಕೊಂಡವರು ಇವರ ಕೋಡ್ ಬರೆದಿದ್ದರಾ? ಇದೇನು ಬಗೆಹರಿಯದ ಸಮಸ್ಯೆಯೂ ಅಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಅದೇ ಲಿನಕ್ಸ್ ಮೆಷಿನ್ನಿನಲ್ಲಿದ್ದರೆ ಪಾಸ್‌ವರ್ಡೇ ಬೇಡದ ಹಾಗೆ ಇಡಬಹುದು, ಬಂದವರು ಯಾವ ಯೂಸರ್ ಅಂತ ಸಿಸ್ಟಂ ಅನ್ನೇ ಕೇಳಿಕೊಳ್ಳುತ್ತೆ. ಪಾಸ್‌ವರ್ಡ್ ಬರೆದಿಡುವ ಅದರ ಪಿಜಿಪಾಸ್ ಫೈಲನ್ನು ಬೇರೆಯವರೂ ಓದುವ ಹಾಗೆ ಇಟ್ಟರೆ, ಅದನ್ನು ಮುಟ್ಟೋದೇ ಇಲ್ಲ ಅನ್ನುತ್ತೆ. ಸಾಫ್ಟ್‌ವೇರ್‌ಗೆ ಇರುವ ಮಾನ ನಮಗಿಲ್ಲ.

ಸರಿ, ಆ ಕೆಂಪು ಸಾಲಿನ ಪಾಸ್‌ವರ್ಡ್ ಬದಲಾಯಿಸೋಣ ಅಂದೆ. ‘ಎಲ್ಲೆಲ್ಲಿ ಹಾಕಿದ್ದಾರೋ ಯಾರಿಗೂ ಗೊತ್ತಿಲ್ಲ, ಇವತ್ತು ಶುಕ್ರವಾರ ಬೇರೆ, ಸುಮ್ನೆ ಬಿಡಿ’ ಅಂದರು ಟೀಮಿನವರು. ಸಂಜೆ ಹೊಸ ಹುಡುಗ ಪಾಸ್‌ವರ್ಡ್ ಕೇಳಿದ. ಗ್ರೂಪಿನಲ್ಲಿ ಹಾಕಿದರು. ಪದೇ ಪದೇ ಕೇಳದಿರಲಿ ಅಂತ ಪಿನ್ ಕೂಡ ಮಾಡಿದ್ದಾರೆ.